ಹಿಡಿದರೊಂದು ಅಳತೆ, ಬಿಟ್ಟರೊಂದು

ಪುಣೆ ಪಕ್ಕದ ಚಾಕಣದಲ್ಲಿ ಕೆಲಸ ಮಾಡುವವರಿಗೆ ಪ್ರೆಸ್ ಶಾಪ್ ಎಂದರೇನು ಅಂತ ಹೇಳಬೇಕಿಲ್ಲ. ಉಳಿದವರಿಗಾಗಿ: ತೆಳು ಉಕ್ಕಿನ ಹಾಳೆಯನ್ನು ಡೈ ನಡುವೆ ಒತ್ತಿ ಕಾರಿನ ಬಿಡಿಭಾಗ ಮಾಡುವ ಜಾಗ. ನನ್ನದು ಒತ್ತುವ ಕೆಲಸವಲ್ಲ, ಒತ್ತಿದ್ದನ್ನು ಅಳೆಯುವ ಕೆಲಸ. ಊರಿಗೆ ಹೋದಾಗ ಮಾವ ಕೇಳುತ್ತಾರೆ, "ಅಳೆಯೋಕೂ ಇಂಜಿನಿಯರ್ ಬೇಕೇನೋ?"

ಎಂಜಿನ್ ಬ್ಲಾಕಿಗೆ ಬಹುಶಃ ಅಷ್ಟೊಂದು ತಲೆ ಬೇಡ. ಆರು ಬಿಂದುಗಳಲ್ಲಿ ಆನಿಸಿಟ್ಟರೆ ಅದು ಅಲ್ಲಾಡುವುದಿಲ್ಲ, ಆಕಾರವೂ ಬದಲಾಗುವುದಿಲ್ಲ. ಆದರೆ 0.7 ಮಿ.ಮೀ. ದಪ್ಪದ, ಸುಮಾರು ಒಂದು ಮೀಟರ್ ಉದ್ದದ ತಗಡಿನ ಭಾಗ ಹಪ್ಪಳದ ಜಾತಿ. ಡೈಯಿಂದ ಹೊರಬಂದ ಕೂಡಲೇ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಅಡ್ಡ ಇಟ್ಟರೆ ತನ್ನ ಭಾರಕ್ಕೇ ಜೋಲುತ್ತದೆ, ನಿಲ್ಲಿಸಿದರೆ ಇನ್ನೊಂದು ಆಕಾರ. ಡ್ರಾಯಿಂಗಿನಲ್ಲಿ ಮಾತ್ರ ತಣ್ಣಗೆ ಬರೆದಿರುತ್ತದೆ: ಪ್ರೊಫೈಲ್ ಟಾಲರೆನ್ಸ್ 1 ಮಿ.ಮೀ. ಅಂದರೆ ಕ್ಯಾಡ್ ಮಾದರಿಯ ಮೇಲ್ಮೈಯಿಂದ ಈಚೆ ಅರ್ಧ, ಆಚೆ ಅರ್ಧ; ಇಡೀ ಮೇಲ್ಮೈ ಅಷ್ಟರೊಳಗೇ ಇರಬೇಕು.

ಕಳೆದ ವರ್ಷ ಬಾಗಿಲೊಳಗಿನ ಒಂದು ಭಾಗದ ಇಡೀ ಲಾಟನ್ನು ಗ್ರಾಹಕ ಕಂಪನಿ ವಾಪಸ್ ಕಳಿಸಿತು. ನಮ್ಮ ವರದಿಯಲ್ಲಿ ತುದಿಯ ವ್ಯತ್ಯಾಸ 0.3, ಅವರದರಲ್ಲಿ 1.4. ನಾವು ಫಿಕ್ಸ್ಚರಿನಲ್ಲಿಟ್ಟು ನಾಲ್ಕು ಕ್ಲಾಂಪ್ ಹಾಕಿ ಅಳೆದಿದ್ದೆವು. ಅವರು ಮೂರು ಆಧಾರದ ಮೇಲೆ ಸುಮ್ಮನೆ ಇಟ್ಟು ಸ್ಕ್ಯಾನ್ ಮಾಡಿದ್ದರು. ಎರಡೂ ಯಂತ್ರ ಸರಿಯಾಗಿದ್ದವು. ಆದರೂ ಮೊದಲ ನೋಟೀಸು ಹೋದದ್ದು ಪ್ರೆಸ್ ನಡೆಸುವವನಿಗೆ. ಬಿಜಾಪುರ ಕಡೆಯ ಹುಡುಗ, ಕಾಂಟ್ರ್ಯಾಕ್ಟ್ ಮೇಲಿದ್ದವನು. "ಸರ, ಡೈ ನಾ ಮಾಡಿಲ್ರಿ, ಶೀಟ್ ನಾ ತಂದಿಲ್ರಿ. ನಿಮ್ಮಲ್ಲಿ ಪಾಸ್, ಅವರಲ್ಲಿ ಫೇಲ್. ಪಗಾರ ನಂದ ಕಟ್ ಆಗ್ಬೇಕೇನ್ರಿ?" ಎಂದ. ನನ್ನ ಬಳಿ ಉತ್ತರವಿರಲಿಲ್ಲ.

ಡ್ರಾಯಿಂಗ್ ಹೊರಗೆ ತೆಗೆದೆ. ಅದು ಎಎಸ್‌ಎಂಇ ವೈ14.5 ಪ್ರಕಾರದ್ದು. ಬೇರೆ ಸೂಚನೆ ಇಲ್ಲದಿದ್ದರೆ ಅಳತೆಯೆಲ್ಲ ಬಿಟ್ಟ ಸ್ಥಿತಿಯಲ್ಲಿ, ಅಂದರೆ ಹಿಡಿಯದೆ ಒತ್ತದೆ ಇರುವಾಗ, ಎಂದು ಆ ನಿಯಮ ಹೇಳುತ್ತದೆ. ಹಿಡಿದು ಅಳೆಯಬೇಕಾದರೆ ಎಲ್ಲಿ, ಹೇಗೆ ಎಂದು ಡ್ರಾಯಿಂಗಿನಲ್ಲೇ ಬರೆಯಬೇಕು. ಬಾಗುವ ಭಾಗಗಳಿಗೆಂದೇ ಐಎಸ್‌ಒ 10579 ಎಂಬ ಪ್ರತ್ಯೇಕ ಮಾನಕವೂ ಇದೆ; ಅದರಲ್ಲಿ ಗುರುತ್ವದ ದಿಕ್ಕಿಗೂ ಜಾಗವಿದೆ. ನಮ್ಮ ಹಾಳೆಯಲ್ಲಿ ಇಂಥದ್ದು ಒಂದು ಸಾಲೂ ಇರಲಿಲ್ಲ. ಕಾಗದದ ಪ್ರಕಾರ ಗ್ರಾಹಕರೇ ಸರಿ. ಆದರೆ ಆ ನಾಲ್ಕು ಕ್ಲಾಂಪಿನ ಫಿಕ್ಸ್ಚರಿಗೆ ಒಪ್ಪಿಗೆ ರುಜು ಹಾಕಿದವರೂ ಅವರೇ!

ಹಾಗಂತ ಕ್ಲಾಂಪ್ ಪಕ್ಷವನ್ನು ನಾನು ಪೂರ್ತಿ ವಹಿಸಲಾರೆ. ದರ್ಜಿ ಟೇಪು ಹಿಡಿದಾಗ ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಅಂಗಿ ಸರಿಯಾದೀತೆ? ಬಲವಾಗಿ ಬಿಗಿದರೆ ಎಂಥ ಸೊಟ್ಟ ತಗಡೂ ಪಾಸಾಗುತ್ತದೆ. ಸ್ಪಾಟ್ ವೆಲ್ಡ್ ಆಗಿ ಕ್ಲಾಂಪ್ ಬಿಟ್ಟ ಮೇಲೆ ಅದೇ ಸೊಟ್ಟು ಬಾಗಿಲ ಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಬಿಟ್ಟು ಅಳೆದರೆ ಇನ್ನೊಂದು ಅನ್ಯಾಯ: ಕಾರಿನಲ್ಲಿ ಆ ಭಾಗ ಯಾವತ್ತೂ ಹಾಗೆ ಒಂಟಿಯಾಗಿ ಇರುವುದೇ ಇಲ್ಲ.

ಎರಡೂ ಕಡೆಯವರು ಮೂರು ದಿನ ಒಂದೇ ಮೇಜಿನ ಸುತ್ತ ನಿಂತೆವು. ಕಾರಿನಲ್ಲಿ ಕೂರುವ ಭಂಗಿಯಲ್ಲೇ ಇಡಬೇಕು, ಕ್ಲಾಂಪುಗಳನ್ನು ಒಂದೇ ಕ್ರಮದಲ್ಲಿ ಹಾಕಬೇಕು (ಕ್ರಮ ಬದಲಾದರೆ ಅಂಕಿಯೂ ಬದಲಾಗುತ್ತದೆ, ತೋರಿಸಿದ ಮೇಲೇ ಅವರು ನಂಬಿದ್ದು), ಬಿಗಿಯುವ ಮೊದಲು ಪ್ರತಿ ಆಧಾರದಲ್ಲೂ ಎಷ್ಟು ಸಂದಿದೆ ಎಂದು ಫೀಲರ್ ಗೇಜ್ ಹಾಕಿ ಬರೆಯಬೇಕು. ನನಗೆ ಮುಖ್ಯವಾಗಿದ್ದು ಈ ಕೊನೆಯದು. ಒತ್ತಿ ಮುಚ್ಚಿಟ್ಟದ್ದು ಆ ಕಾಲಮಿನಲ್ಲಿ ಬಯಲಾಗುತ್ತದೆ.

ಹಾಗೆ ಮತ್ತೆ ಅಳೆದಾಗ ಹನ್ನೊಂದು ಪೀಸು ಮಾತ್ರ ಹೊರಗೆ ಬಿದ್ದವು. ಎಲ್ಲವೂ ಒಂದೇ ಕಾಯಿಲಿನ ಒಳಸುತ್ತಿನವು. ಅಲ್ಲಿ ಸುರುಳಿ ಬಿಗಿಯಾದ್ದರಿಂದ ಹಾಳೆಯಲ್ಲಿ ಬಾಗು ಹೆಚ್ಚು ಉಳಿದಿರುತ್ತದೆ. ನೋಟೀಸು ವಾಪಸಾಯಿತು. ಹುಡುಗನಿಗೆ ಕಾಯಿಲ್ ತೋರಿಸಿದೆ. ಬಗ್ಗಿ ನೋಡಿ, "ಆ ಗೇಜ್ ನನಗೂ ಒಂದ್ ಕೊಡಸ್ರಿ ಸರ, ಪ್ರೆಸ್ಸಿನ ಹತ್ರನ ಇಟಗೋತೀನಿ" ಅಂದ. ಸ್ಟೋರಿನವರು ಕೊಡಲು ಎರಡು ವಾರ ತೆಗೆದುಕೊಂಡರು.