ಹಿಮ್ಮಡಿ ಮುರಿದ ಕೊನೆಗೌಡ

ಮಳೆಗಾಲದಲ್ಲಿ ಒಂದೆರಡು ದಿನ ಹೊಳವಾಯಿತೆಂದರೆ ಕುಮಟಾ, ಹೊನ್ನಾವರ, ಭಟ್ಕಳ ಸೀಮೆಯ ಅಡಿಕೆ ತೋಟಗಳಲ್ಲಿ ಕೊನೆಗೌಡನಿಗೆ ಎಲ್ಲಿಲ್ಲದ ಬೇಡಿಕೆ. ಕೊಳೆ ರೋಗ ತಗಲುವ ಮೊದಲು ಪ್ರತಿ ಕೊನೆಗೂ ಔಷಧ ಹೊಡೆದು ಮುಗಿಯಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಇಷ್ಟೇ ಆ ಬೋರ್ಡೋ ದ್ರಾವಣ. ಅದನ್ನು ತಯಾರಿಸಲು ಯಾರಾದರೂ ಆದೀತು. ಪಾಚಿಗಟ್ಟಿದ ಮರವನ್ನು ಏರಿ, ತುದಿಯಲ್ಲಿ ಕುಳಿತು, ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ಹೋಗಲು ಮಾತ್ರ ಆತನೇ ಬೇಕು. ಪೇಟೆಯ ಜನ ಇದನ್ನು ಸರ್ಕಸ್ಸಿನಂತೆ ನೋಡುತ್ತಾರೆ. ತೋಟದ ಒಡೆಯರು ನೋಡುವುದು ಆಕಾಶವನ್ನು, ಮುಂದಿನ ಮಳೆ ಎಷ್ಟು ಹೊತ್ತಿಗೆ ಬಂದೀತೆಂದು.

2022ರ ಆಗಸ್ಟ್ ತಿಂಗಳು. ಶರಾವತಿ ದಂಡೆಯ ಒಂದು ತೋಟದಲ್ಲಿ ಎರಡನೇ ಸಲದ ಔಷಧ ನಡೆದಿತ್ತು. ಕೊನೆಗೌಡನಿಗೆ ಆಗ ನಲವತ್ತನಾಲ್ಕು ವರ್ಷ. ಹದಿನೇಳನೇ ವಯಸ್ಸಿನಿಂದ ಮರ ಹತ್ತಿದವನು. ಬಿದ್ದದ್ದು ಮರದ ತುದಿಯಿಂದಲ್ಲ. ಕೆಲಸ ಮುಗಿಸಿ ಇಳಿಯುವಾಗ, ಇನ್ನು ಎರಡಾಳು ಎತ್ತರ ಉಳಿದಿದೆ ಎನ್ನುವಾಗ ತಳೆ ಜಾರಿತು. ನೆಟ್ಟಗೆ ನಿಂತ ಭಂಗಿಯಲ್ಲೇ ಬಂದು, ಕಾಲುವೆಯ ಅಂಚಿನ ಕಲ್ಲಿನ ಮೇಲೆ ಬಲಗಾಲೂರಿದ. ರಕ್ತ ಬರಲಿಲ್ಲ, ಗಾಯ ಕಾಣಲಿಲ್ಲ. ‘ಉಳುಕಿರ್ಬೇಕು ಒಡೇರೆ’ ಎಂದು ಏಳಲು ನೋಡಿದವನು ಹಾಗೇ ಕುಸಿದ. ‘ಕಾಲು ಊರ್ಬೇಡ ಮಾರಾಯ’ ಎಂದು ತೋಟದ ಹೆಗಡೆಯವರು ಓಡಿ ಬಂದರು.

ಹೀಗೆ ಬಿದ್ದವರ ಮೊದಲ ಎರಡು ದಿನ ಮನೆಯಲ್ಲೇ ಕಳೆಯುವುದು ಇಲ್ಲಿಯ ರೂಢಿ. ಸೊಪ್ಪು ಅರೆದು ಹಚ್ಚುವವರು, ಎಣ್ಣೆ ಹಾಕಿ ಬಿದಿರಿನ ದಬ್ಬೆ ಕಟ್ಟುವವರು ಎಲ್ಲ ಊರಿನಲ್ಲೂ ಇದ್ದಾರೆ. ಅವರನ್ನು ಸುಮ್ಮನೆ ಹೀಗಳೆಯುವುದು ಸರಿಯಲ್ಲ. ಮಕ್ಕಳ ಮುಂಗೈ ಮೂಳೆ ಎಷ್ಟೋ ಸಲ ಅವರ ಕಟ್ಟಿನಲ್ಲಿ ಚೆನ್ನಾಗಿಯೇ ಕೂಡಿಕೊಂಡಿದೆ. ಆದರೆ ಹಿಮ್ಮಡಿಯ ಮಾತು ಬೇರೆ. ಗೌಡನ ಪಾದ ಮರುದಿನಕ್ಕೆ ಕುಂಬಳಕಾಯಿಯಂತೆ ಊದಿ, ಚರ್ಮದ ಮೇಲೆ ನೀರುಗುಳ್ಳೆಗಳೆದ್ದವು. ಅಂಗಾಲಿನ ನಡುವೆ ನೇರಳೆ ಬಣ್ಣದ ಕಲೆ ಮೂಡಿತು. ಆ ಕಲೆ ಕಂಡರೆ ಮೂಳೆ ವೈದ್ಯರು ಎಕ್ಸ್-ರೇ ತೆಗೆಯುವ ಮೊದಲೇ ತಲೆಯಾಡಿಸುತ್ತಾರೆ. ಕಾಲು ನೋಡುವ ವೈದ್ಯರು ಸೊಂಟವನ್ನೂ ಒತ್ತಿ ನೋಡಿದ್ದು ಗೌಡನ ಹೆಂಡತಿಗೆ ವಿಚಿತ್ರವೆನಿಸಿತು. ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಬೆನ್ನುಮೂಳೆಯೂ ಜಜ್ಜಿರುತ್ತದೆ. ಕಾಲಿನ ನೋವಿನ ಅಬ್ಬರದಲ್ಲಿ ಅದು ಗಮನಕ್ಕೇ ಬಂದಿರುವುದಿಲ್ಲ. ಪುಣ್ಯಕ್ಕೆ ಗೌಡನ ಬೆನ್ನು ನೆಟ್ಟಗಿತ್ತು.

ಹಿಮ್ಮಡಿಯ ಮೂಳೆ ಪಾದದ ಮೂಳೆಗಳಲ್ಲೆಲ್ಲ ದೊಡ್ಡದು. ದೊಡ್ಡದೆಂದು ಗಟ್ಟಿಯೆಂದು ತಿಳಿಯಬಾರದು. ಹೊರಗೆ ತೆಳುವಾದ ಚಿಪ್ಪು, ಒಳಗೆ ಜೇನುಗೂಡಿನಂಥ ಟೊಳ್ಳು. ಮೇಲಿನಿಂದ ಮೈಭಾರವೆಲ್ಲ ಒಮ್ಮೆಲೇ ಬಂದಾಗ ಅದರ ಮೇಲೆ ಕುಳಿತ ಇನ್ನೊಂದು ಮೂಳೆ ಒನಕೆಯಂತೆ ಒಳಗಿಳಿಯುತ್ತದೆ. ಹಿಮ್ಮಡಿ ಕುಳ್ಳಾಗಿ, ಅಗಲವಾಗಿ, ಒಂದು ಕಡೆ ವಾಲುತ್ತದೆ. ವಿಯೆನ್ನಾದ ಲೊರೆಂಜ್ ಬೋಲರ್ ಎಂಬ ವೈದ್ಯರು 1931ರಲ್ಲಿ ಎಕ್ಸ್-ರೇ ಮೇಲೆ ಎರಡು ಗೆರೆ ಎಳೆದು ಈ ಕುಸಿತವನ್ನು ಅಳೆಯುವುದನ್ನು ತೋರಿಸಿಕೊಟ್ಟರು. ಸರಿಯಿದ್ದ ಕಾಲಿನಲ್ಲಿ ಆ ಕೋನ 20ರಿಂದ 40 ಡಿಗ್ರಿ. ಗೌಡನ ಬಲಗಾಲಿನಲ್ಲಿ ಐದೇ ಡಿಗ್ರಿ ಉಳಿದಿತ್ತು.

ಇದರಲ್ಲೊಂದು ಕ್ರೂರ ವಿಪರ್ಯಾಸವಿದೆ. ಆ ಎರಡು ಮೂಳೆಗಳ ನಡುವಿನ ಕೀಲೇ ಪಾದವನ್ನು ಒಳಕ್ಕೂ ಹೊರಕ್ಕೂ ತಿರುಗಿಸುವುದು. ಎರಡೂ ಅಂಗಾಲುಗಳನ್ನು ಒಂದಕ್ಕೊಂದು ಎದುರಾಗಿ ಹೊರಳಿಸಿ ಅಡಿಕೆ ಮರವನ್ನು ಅಪ್ಪಿ ಹಿಡಿಯುವುದು ಆ ಕೀಲಿನಿಂದಲೇ. ಗುಮಾಸ್ತನಿಗೆ ಅದು ಬಿಗಿದುಕೊಂಡರೆ ಸಪಾಟು ರಸ್ತೆಯ ಮೇಲೆ ಹೇಗೋ ನಡೆದಾನು. ಕೊನೆಗೌಡನಿಗೆ ಅನ್ನ ಕೊಟ್ಟದ್ದೇ ಆ ಕೀಲು.

ಹೊನ್ನಾವರದಿಂದ ದಕ್ಷಿಣಕ್ಕೆ, ಉಡುಪಿ ಜಿಲ್ಲೆಯ ಆಸ್ಪತ್ರೆಗೆ ಹೋಗುವುದೆಂದಾಯಿತು. ಮುರ್ಡೇಶ್ವರ, ಭಟ್ಕಳ ದಾಟಿದರೆ ಶಿರೂರು ಟೋಲ್ ಗೇಟು. ಅದೇ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಅಲ್ಲಿ ಅಪ್ಪಳಿಸಿ ನಾಲ್ವರು ಸತ್ತಿದ್ದರು. ಜಿಲ್ಲೆಯೊಳಗೇ ಒಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆ ದಿನಗಳಲ್ಲಿ ಉತ್ತರ ಕನ್ನಡದ ತುಂಬ ಎದ್ದಿತ್ತು. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದರೂ ಈ ಮೂರು ತಾಲೂಕಿನವರು ಅವಘಡವಾದರೆ ಮಣಿಪಾಲ, ಮಂಗಳೂರಿನ ದಾರಿ ಹಿಡಿಯುವುದು ತಪ್ಪಿಲ್ಲ. ಗೇಟು ದಾಟುವಾಗ ಗೌಡನ ಹೆಂಡತಿ ಕಣ್ಣು ಮುಚ್ಚಿ ಕುಳಿತಿದ್ದಳು.

ಹೋದ ದಿನವೇ ಆಪರೇಶನ್ ಆಗಿಬಿಡುತ್ತದೆ ಎಂದುಕೊಂಡವರಿಗೆ ಆಶ್ಚರ್ಯ ಕಾದಿತ್ತು. ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟು ಮಲಗಿಸಿದರು, ಅಷ್ಟೆ. ಊತ ಇಳಿದು ಚರ್ಮದಲ್ಲಿ ಸಣ್ಣ ಸುಕ್ಕು ಕಾಣುವ ತನಕ ಕತ್ತಿ ಹಾಕುವಂತಿಲ್ಲ. ಅದಕ್ಕೆ ಒಂದು ವಾರ, ಎರಡು ವಾರ ಹಿಡಿಯುತ್ತದೆ. ಊದಿದ ಚರ್ಮವನ್ನು ಕೊಯ್ದರೆ ಮತ್ತೆ ಕೂಡುವುದಿಲ್ಲ. ‘ಬೀಡಿ ಬಿಡ್ಬೇಕು. ಬಿಡದಿದ್ರೆ ನಾನು ಕೈ ಹಾಕುದಿಲ್ಲ’ ಎಂದರು ವೈದ್ಯರು. ಹೊಗೆ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಈ ಗಾಯ ಕೊಳೆಯುವುದು ಹೆಚ್ಚು. ಇಪ್ಪತ್ತೈದು ವರ್ಷದ ಬೀಡಿ ಆ ಹತ್ತು ದಿನಗಳಲ್ಲಿ ಬಿಟ್ಟುಹೋಯಿತು.

ಶಸ್ತ್ರಚಿಕಿತ್ಸೆ ಬೇಕೇ ಬೇಕೆ ಎಂಬ ಪ್ರಶ್ನೆಗೆ ವೈದ್ಯಲೋಕದಲ್ಲೇ ಒಮ್ಮತವಿಲ್ಲ. ಕೆನಡಾದಲ್ಲಿ 424 ರೋಗಿಗಳ ಮೇಲೆ ನಡೆದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಆಪರೇಶನ್ ಆದವರಿಗೂ ಆಗದವರಿಗೂ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಅಪಘಾತ ಪರಿಹಾರದ ಹಣ ಪಡೆಯದಿದ್ದವರು ಆಪರೇಶನ್ನಿನಿಂದ ಹೆಚ್ಚು ಸುಧಾರಿಸಿದ್ದರಂತೆ. ಆ ಲೆಕ್ಕದಲ್ಲಿ ಕೊನೆಗೌಡ ಭಾಗ್ಯವಂತನೇ ಸರಿ, ಅವನಿಗೆ ಪರಿಹಾರ ಕೊಡುವವರೇ ಇಲ್ಲ! ಕಷ್ಟದ ಮೈಕೆಲಸದವರಿಗೆ ಮಾತ್ರ ಅಂಥ ಲಾಭ ಕಾಣಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಇಂಗ್ಲೆಂಡಿನ ಕಡೆಯ 22 ಆಸ್ಪತ್ರೆಗಳ 151 ರೋಗಿಗಳ ಮೇಲೆ ನಡೆದು 2014ರಲ್ಲಿ ಹೊರಬಂದ ಅಧ್ಯಯನ ಇನ್ನೂ ಖಡಾಖಂಡಿತ: ಎರಡು ವರ್ಷದ ಬಳಿಕ ಎರಡೂ ಗುಂಪು ಸಮ, ಗಾಯ ಕೊಳೆಯುವಂಥ ತೊಡಕುಗಳು ಮಾತ್ರ ಕೊಯ್ಸಿಕೊಂಡವರಲ್ಲಿ ನೂರಕ್ಕೆ 23, ಉಳಿದವರಲ್ಲಿ 4. ಹಿಮ್ಮಡಿ ತೀರಾ ವಿಕಾರವಾದವರನ್ನು ಅದರಲ್ಲಿ ಸೇರಿಸಿರಲಿಲ್ಲ ಎಂಬುದನ್ನು ಮರೆಯಬಾರದು. ಅಲ್ಲದೆ, ಹಾಗೇ ಬಿಟ್ಟ ಕಾಲಿನ ಕೀಲು ಸವೆದು, ಮುಂದೆ ಅದನ್ನು ಬೆಸೆದುಬಿಡಬೇಕಾದ ಪ್ರಸಂಗ ಆಪರೇಶನ್ ಆಗದವರಲ್ಲೇ ಹೆಚ್ಚೆಂದು ಕೆನಡಾದವರು ಕಂಡಿದ್ದರು.

ಮೊದಲು ಹಿಮ್ಮಡಿಯ ಹೊರಮಗ್ಗುಲಲ್ಲಿ ದೊಡ್ಡದಾಗಿ ಕೊಯ್ದು ಚರ್ಮವನ್ನು ಮಡಚಿ ಎತ್ತುತ್ತಿದ್ದರು. ಕೊಯ್ತದ ಆ ಮೂಲೆಯೇ ಕಪ್ಪಿಟ್ಟು ಕೊಳೆಯುತ್ತಿದ್ದುದು. ಈಗ ಅನೇಕರು ಹರಡಿನ ಕೆಳಗೆ ಬೆರಳುದ್ದದ ಸಣ್ಣ ಕೊಯ್ತದಿಂದಲೇ ಕೆಲಸ ಮುಗಿಸುತ್ತಾರೆ. ಗೌಡನಿಗೆ ಆದದ್ದೂ ಹಾಗೆಯೇ. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದರು. ಕುಸಿದ ಕೀಲಿನ ಚೂರನ್ನು ಒಳಗಿನಿಂದ ಮೇಲೆತ್ತಿ, ಎಕ್ಸ್-ರೇ ಪರದೆಯಲ್ಲಿ ನೋಡುತ್ತ, ತಂತಿಯಿಂದ ಹಿಡಿದು, ಕೊನೆಗೆ ಪ್ಲೇಟು ಮತ್ತು ಸ್ಕ್ರೂ ಕೂರಿಸಿದರು. ಬಿ.ಪಿ.ಎಲ್. ಕಾರ್ಡು ಮತ್ತು ಸರಕಾರಿ ಆಸ್ಪತ್ರೆಯ ಚೀಟಿ ಇದ್ದುದರಿಂದ ಆಯುಷ್ಮಾನ್ ಯೋಜನೆಯಲ್ಲಿ ಆಪರೇಶನ್ನಿನ ಖರ್ಚು ನಡೆಯಿತು. ಬಿಲ್ಲಿನಲ್ಲಿ ಬಾರದ ಖರ್ಚು ಅನಂತರದ್ದು. ಮೂರು ತಿಂಗಳು ಆ ಕಾಲು ನೆಲಕ್ಕೆ ತಾಗುವಂತಿಲ್ಲ. ಆ ಮೂರು ತಿಂಗಳಲ್ಲೇ ಅಡಿಕೆ ಕೊಯ್ಲು ಶುರುವಾಗುತ್ತದೆ. ಹೆಂಡತಿ ಅಡಿಕೆ ಸುಲಿಯಲು ಹೋದಳು, ಮಗ ಕಾಲೇಜು ಬಿಟ್ಟು ಚಿರೇಕಲ್ಲಿನ ಕೆಲಸಕ್ಕೆ ಸೇರಿದ. ಅವನು ಮತ್ತೆ ಕಾಲೇಜಿಗೆ ಹೋಗಲಿಲ್ಲ.

ಹೊಲಿಗೆ ಬಿಚ್ಚಿಸಿಕೊಳ್ಳಲು ಹೋದ ದಿನ ಭಟ್ಕಳದ ಒಬ್ಬ ಯುವಕ ಪಕ್ಕದಲ್ಲಿ ಕುಳಿತಿದ್ದ. ಕೊಲ್ಲಿ ದೇಶದಲ್ಲಿ ಕಟ್ಟಡದ ಸಾರುವೆಯಿಂದ ಬಿದ್ದು ಎರಡೂ ಹಿಮ್ಮಡಿ ಮುರಿದುಕೊಂಡವನು. ಇಬ್ಬರೂ ಎಕ್ಸ್-ರೇ ಹಾಳೆಗಳನ್ನು ಬೆಳಕಿಗೆ ಹಿಡಿದು, ಯಾರ ಕಾಲಿನಲ್ಲಿ ಸ್ಕ್ರೂ ಹೆಚ್ಚೆಂದು ಎಣಿಸಿದರು. ‘ಡಾಕ್ಟ್ರೆ, ಮರ ಹತ್ಲಿಕ್ಕೆ ಆಗ್ತದ್ಯಾ?’ ಎಂದು ಗೌಡ ಕೇಳಿದ್ದಕ್ಕೆ ವೈದ್ಯರು ಕೂಡಲೇ ಉತ್ತರ ಕೊಡಲಿಲ್ಲ. ‘ನಡೀಲಿಕ್ಕೆ ಆಗ್ತದೆ, ಚಪ್ಪಲಿ ಹಾಕ್ಲಿಕ್ಕೆ ಆಗ್ತದೆ’ ಎಂದರು.

ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಮರ ಹತ್ತುವವರಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಅದರ ಕಾಗದವಿದೆಯೆಂದು ತೋಟದ ಒಡೆಯರು ಒಮ್ಮೆ ಕೇಳಿ ನೋಡಬಹುದು. ಈಚೆಗೆ ನೆಲದಲ್ಲೇ ನಿಂತು ಕೊಯ್ಯುವ, ಔಷಧ ಹೊಡೆಯುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಹೆಗಡೆಯವರೂ ಒಂದು ತಂದರು. ಗೌಡ ಅದನ್ನು ಎತ್ತಿ ಹಿಡಿಯಲು ಕಲಿತಿದ್ದಾನೆ. ಮರದ ತುದಿಯ ಕೊನೆ ಯಾವ ಕಡೆ ವಾಲಿದೆಯೆಂದು ಕೆಳಗಿನಿಂದಲೇ ತಿಳಿಯುವುದು ಅವನಿಗೆ ಸುಲಭ. ಸಪಾಟು ಜಾಗದಲ್ಲಿ ತೊಂದರೆಯಿಲ್ಲ. ಕಾಲುವೆಯ ಇಳಿಜಾರು ಅಂಚಿನಲ್ಲಿ ನಿಲ್ಲಬೇಕಾದಾಗ ಬಲಗಾಲು ಹೊರಳಲು ಒಪ್ಪುವುದಿಲ್ಲ. ಅಲ್ಲಿ ಒಂದು ಹಲಗೆ ಇಟ್ಟುಕೊಂಡು ನಿಲ್ಲುತ್ತಾನೆ.