ಅಟ್ಟದ ಬಾಯಿಗೆ ದೋಣಿಯ ಕೀಲು

ಹೊನ್ನಾವರದ ಹೆದ್ದಾರಿ ಹಿಡಿದು ಗುಬ್ಬಿ, ನಿಟ್ಟೂರು ದಾಟಿ ಕಿಬ್ಬನಹಳ್ಳಿ ಕ್ರಾಸಿಗೆ ಬಂದಿರೆಂದರೆ ಅಲ್ಲಿಂದ ಮುಂದೆ ಆಕಾಶ ಕಾಣುವುದು ತೆಂಗಿನ ಗರಿಗಳ ಸಂದಿಯಲ್ಲೇ. ಬಲಕ್ಕೆ ಚಿಕ್ಕನಾಯಕನಹಳ್ಳಿ, ಎಡಕ್ಕೆ ತುರುವೇಕೆರೆ, ನೇರ ಹೋದರೆ ತಿಪಟೂರು. ನನ್ನ ಸೋದರಮಾವನ ತೋಟವಿರುವುದು ನೊಣವಿನಕೆರೆಯ ಆಸುಪಾಸಿನಲ್ಲಿ.

ಈ ಸಲ ಜೊತೆಗೆ ಉಡುಪಿ ಕಡೆಯ ಗೆಳೆಯನೊಬ್ಬನಿದ್ದ. ಭಾನುವಾರಗಳಲ್ಲಿ ಸುವರ್ಣಾ ಹೊಳೆಯಲ್ಲಿ ಸುತ್ತಾಡುವುದಕ್ಕೆಂದೇ ಪುಟ್ಟದೊಂದು ದೋಣಿ ಇಟ್ಟುಕೊಂಡಿರುವ ಆಸಾಮಿ. ಕಡಲ ತಡಿಯ ತೆಂಗನ್ನಷ್ಟೇ ಕಂಡವನಿಗೆ ಬಯಲುಸೀಮೆಯ ತೆಂಗನ್ನೂ ತೋರಿಸೋಣವೆಂದು ಕರೆತಂದಿದ್ದೆ. ಮನೆ ತಲುಪಿದಾಗ ಮಾವ ಜಗಲಿಯ ಮೇಲೆ ಎಡಗೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು.

"ಅಟ್ಟದ ಹಲಗೆ ಬಿತ್ತು ಕಣಪ್ಪ. ಎರಡು ಬೆರಳಿಗೇ ಮುಗೀತು, ತಲೆ ಮೇಲೆ ಬಿದ್ದಿದ್ರೆ ಕತೆ ಬೇರೆ ಇತ್ತು" ಎಂದರು.

ಈ ಅಟ್ಟದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ತಿಪಟೂರಿನ ಉಂಡೆ ಕೊಬ್ಬರಿಗೆ ದೇಶದಲ್ಲೆಲ್ಲ ಹೆಸರಿದೆ. ಅದು ಬಿಸಿಲಲ್ಲಿ ಒಣಗಿಸಿದ ಹೋಳಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದಂತೆ ಗಡಗಡ ಎನ್ನಬೇಕು. ಆಗ ಸುಲಿದು, ಚಿಪ್ಪು ಒಡೆದು, ಇಡಿಯಾದ ಉಂಡೆ ತೆಗೆಯುತ್ತಾರೆ. ಹೀಗಾಗಿ ರೈತನ ಒಂದು ವರ್ಷದ ಸಂಪಾದನೆಯೆಲ್ಲ ಅಟ್ಟದ ಮೇಲೇ ಇರುತ್ತದೆ. ಮಾವನ ಹಳೆಯ ಹೆಂಚಿನ ಮನೆಯಲ್ಲಿ ಅಟ್ಟ ಹತ್ತಲು ಏಣಿ, ಏಣಿಯ ತುದಿಗೆ ಚೌಕದ ಬಾಯಿ, ಬಾಯಿಗೆ ಮುಚ್ಚುವ ದಪ್ಪ ಹಲಗೆ. ಅದರ ಎರಡು ಕೀಲುಗಳಲ್ಲಿ ಒಂದು ಕಿತ್ತುಬಂದಿತ್ತು.

"ಹಗ್ಗದಲ್ಲಿ ಕಟ್ಟಿಡಿ ಅಂದ್ರೆ ಕೇಳಲ್ಲ, ಬೀಗ ಹಾಕ್ಬೇಕಂತೆ" ಎಂದು ಅತ್ತೆ ಗೊಣಗಿದರು. ಮಾವನ ಹಟಕ್ಕೂ ಕಾರಣವಿತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಗುತ್ತಿದ್ದುದು ಅದಕ್ಕಿಂತ ಎಷ್ಟೋ ಕಡಿಮೆ. ಆಗ ಅಟ್ಟಕ್ಕೆ ಬೀಗ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರದ ಗೆರೆ ದಾಟಿತು. ರೋಗ, ಹುಳುಗಳಿಂದ ಮಾವನ ಮರಗಳಲ್ಲಿ ಫಸಲು ಇಳಿದಿತ್ತು. ಇದ್ದಷ್ಟು ಕಾಯಿಯೇ ಬಂಗಾರ. ಮಗಳ ಮದುವೆಯ ಸಾಲವೂ ಅದರಲ್ಲೇ ತೀರಬೇಕು.

ತುರುವೇಕೆರೆಯ ಬಡಗಿಗೆ ಹೇಳಿಕಳಿಸಿದರೆ "ಎಂಟು ದಿನ ಬಿಟ್ಟು ಬರ್ತೀನಿ" ಎಂಬ ಉತ್ತರ ಬಂತು. ಅಷ್ಟರಲ್ಲಿ ಗೆಳೆಯ ಏಣಿ ಹತ್ತಿ, ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ ನಗುತ್ತ ಇಳಿದ. "ನನ್ನ ದೋಣಿಯ ಸಾಮಾನು ಗೂಡಿನ ಮುಚ್ಚಳಕ್ಕೂ ಹೋದ ವರ್ಷ ಇದೇ ಗತಿ ಆಗಿತ್ತು ಮಾರಾಯ. ಕೀಲು ಹೋದದ್ದಲ್ಲ, ತಿರುಪು ಹಿಡಿಯುವ ಮರ ಹೋದದ್ದು."

ತಿಪಟೂರಿಗೆ ಹೋದೆವು. ಪೇಟೆಯ ಕಬ್ಬಿಣದ ಅಂಗಡಿಗಳಲ್ಲಿ ಮೊದಲೆರಡರಲ್ಲಿ ತಗಡಿನಂಥ ಕೀಲುಗಳನ್ನೇ ತೋರಿಸಿದರು. ಮೂರನೆಯದರಲ್ಲಿ ದಪ್ಪನೆಯ ಸ್ಟೇನ್‌ಲೆಸ್ ಸ್ಟೀಲಿನವು ಸಿಕ್ಕವು. ಬೋಲ್ಟು, ವಾಷರು, ತಿರುಪುಗಳನ್ನೂ ಗೆಳೆಯ ಅದೇ ಲೋಹದ್ದನ್ನು ಆರಿಸಿದ. ಉಪ್ಪುನೀರಿನಲ್ಲಿ ಹಿತ್ತಾಳೆಯ ಪಕ್ಕ ಕಬ್ಬಿಣ ಇಟ್ಟರೆ ಕಬ್ಬಿಣ ಬೇಗ ತಿಂದುಹೋಗುತ್ತದಂತೆ. "ಇಲ್ಲೆಲ್ಲಿಯ ಉಪ್ಪುನೀರು?" ಎಂದೆ. "ಸಾವಿರಾರು ಕಾಯಿಯ ಪಸೆ ಆರುವ ಜಾಗ, ಕೆಳಗೆ ಒಲೆಯ ಹೊಗೆ. ಇನ್ನೇನು ಬೇಕು?" ಎಂದ.

ಕೆಲಸ ಮಧ್ಯಾಹ್ನವಿಡೀ ನಡೆಯಿತು. ಎರಡು ಕೀಲನ್ನೂ ಒಟ್ಟಿಗೆ ಬಿಚ್ಚಬಾರದು ಎಂಬುದು ಅವನ ಮೊದಲ ನಿಯಮ. ಬಿಚ್ಚಿದರೆ ಹಲಗೆ ಸರಿದು ಮೂಲ ಜಾಗ ತಪ್ಪಿಹೋಗುತ್ತದೆ. ಹಲಗೆ ಮುಚ್ಚಿ, ಸಂದಿಗೆ ಬೆಣೆ ಕೊಟ್ಟು, ಸುತ್ತ ಪೆನ್ಸಿಲಿನಿಂದ ಗೀಟೆಳೆದ. ಕಿತ್ತುಬಂದ ಕಡೆಯ ತೂತುಗಳು ಬೆರಳು ಹೋಗುವಷ್ಟು ಸಡಿಲವಾಗಿದ್ದವು. ಕೊಳೆತ ಪುಡಿ ಕೆರೆದು, ಒಣ ಬಿದಿರಿನ ಗೂಟ ಕೆತ್ತಿ, ಅಂಟು ಸವರಿ ಬಡಿದು, ಒಣಗಲು ಬಿಟ್ಟು ಊಟಕ್ಕೆ ಕೂತೆವು. ಮುದ್ದೆ, ಹುರುಳಿಕಾಳಿನ ಸಾರು. ಅತ್ತೆಯ ತವರು ಚಿಕ್ಕನಾಯಕನಹಳ್ಳಿ ಕಡೆ. ಅಲ್ಲಿ ಅವರ ಮನೆಯ ಅಟ್ಟದ ಹಲಗೆ ಪಕ್ಕಕ್ಕೆ ಜಾರುತ್ತದಂತೆ, ಕೀಲಿನ ರಗಳೆಯೇ ಇಲ್ಲ. "ನಿಮ್ಮ ಕಡೆಯೋರು ಬುದ್ಧಿವಂತರು ಬಿಡು" ಎಂದರು ಮಾವ, ಎಡಗೈಯನ್ನು ಜೋಪಾನವಾಗಿ ಮಡಿಲಲ್ಲಿಟ್ಟುಕೊಂಡು. ಅವರ ತಲೆಬಾಗಿಲಿಗೂ ಕಬ್ಬಿಣದ ಕೀಲಿಲ್ಲ. ಕದದ ಮೂಲೆಯಲ್ಲೇ ಬಿಟ್ಟ ತಿರುಗುಣಿ ಹೊಸ್ತಿಲ ಕುಳಿಯಲ್ಲಿ ಕೂತು ಈಗಲೂ ಕಿರ್ರೆನ್ನುತ್ತದೆ.

ಊಟದ ನಂತರ ಗೆಳೆಯ ತೆಂಗಿನ ನಾರಿನ ಸಣ್ಣ ಹುರಿಯೊಂದನ್ನು ಬಿಗಿಯಾಗಿ ಎಳೆದು ಹಿಡಿಯಲು ಹೇಳಿದ. ಎರಡು ಕೀಲುಗಳ ಕಡ್ಡಿಯೂ ಆ ಗೆರೆಯ ಮೇಲೇ ಕೂರಬೇಕು. ಒಂದು ಕೂದಲೆಳೆ ಓರೆಯಾದರೂ ತೆರೆದಾಗಲೆಲ್ಲ ಒಂದು ಇನ್ನೊಂದನ್ನು ಜಗ್ಗಿ ತಿರುಪು ಕಿತ್ತುಬರುತ್ತದೆ. ಹಳೆಯ ಕೀಲು ಕಿತ್ತದ್ದೂ ಹಾಗೆಯೇ ಎಂದು ಅವನ ತೀರ್ಮಾನ. ಚೌಕಟ್ಟಿನ ಕಡೆ ಗೂಟಕ್ಕೆ ತಿರುಪು, ಹಲಗೆಯ ಕಡೆ ಆರಪಾರ ಬೋಲ್ಟು. ಒಂದು ಮುಗಿದ ಮೇಲೆ ಇನ್ನೊಂದನ್ನು ಬಿಚ್ಚಿದ. ಕೊನೆಗೆ ದನ ಕಟ್ಟುವ ಹಳೆಯ ಸರಪಳಿಯ ತುಂಡೊಂದನ್ನು ತೊಲೆಗೆ ಹೊಡೆದು, ತೆರೆದ ಹಲಗೆಯನ್ನು ಸಿಕ್ಕಿಸಲು ಕೊಕ್ಕೆ ಮಾಡಿದ. ದೋಣಿಯಲ್ಲಿ ಗಾಳಿಗೆ ಮುಚ್ಚಳ ತಲೆಗೆ ಬಡಿಯದಿರಲೆಂದು ಹೀಗೆ ಮಾಡುತ್ತಾರಂತೆ.

ಮಾವ ಬೇಡವೆಂದರೂ ಕೇಳದೆ ಒಂದೇ ಕೈಯಲ್ಲಿ ಏಣಿ ಹತ್ತಿದರು. ಹಲಗೆ ಸದ್ದಿಲ್ಲದೆ ಎದ್ದಿತು. ಕೊಕ್ಕೆ ಸಿಕ್ಕಿಸಿ ಎರಡು ಸಲ ಜಗ್ಗಿ ನೋಡಿದರು. ಆಮೇಲೆ ಕತ್ತಲೆಯೊಳಗೆ ಕೈ ಚಾಚಿ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಇನ್ನೂ ನೀರು ಕುಲುಕಿತು.

"ಇನ್ನು ನಾಲ್ಕು ತಿಂಗಳು" ಎಂದು ಅದನ್ನು ಅಲ್ಲೇ ಇಟ್ಟು, ಬೀಗ ತರಲು ಅತ್ತೆಯನ್ನು ಕೂಗಿದರು.