ಗಾಲ್ಫ್ ಮೈದಾನದ ಗರಿಕೆ, ನಮ್ಮ ತೋಟದ ಗೋಡು

ನಮ್ಮ ಆಫೀಸಿನ ಕ್ಯಾಂಟೀನ್ ಕಿಟಕಿಯಿಂದ ಗಾಲ್ಫ್ ಮೈದಾನ ಕಾಣುತ್ತೆ. ಬೆಂಗಳೂರಿನ ದೊಮ್ಮಲೂರು ಕಡೆ ಕೆಲಸ ಮಾಡೋರಿಗೆ ಗೊತ್ತಿರುತ್ತೆ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ. 2025ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಕಾಫಿ ಹಿಡಿದು ನಿಂತಿದ್ದೆ. ಅಷ್ಟು ನುಣುಪಾದ ಹಸಿರಿನ ಮೇಲೆ ಮೆಷಿನ್ ಓಡಿಸಿ ಸಾಲುಸಾಲಾಗಿ ತೂತು ಹೊಡೆಯುತ್ತಿದ್ದರು. ಹಿಂದೆಯೇ ಮರಳು ಎರಚುತ್ತಿದ್ದರು. "ಚೆನ್ನಾಗಿರೋದನ್ನ ಯಾಕೋ ಹಾಳ್ ಮಾಡ್ತಾರೆ?" ಅಂದ ಗೆಳೆಯ.

ಊರಲ್ಲಿ ತೋಟ ಇರೋನಿಗೆ ಅದು ರಿಪೇರಿ ಕೆಲಸ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಜನ ಓಡಾಡಿ, ಮೆಷಿನ್ ಓಡಾಡಿ ನೆಲ ಗಟ್ಟಿಯಾಗಿ ಬೇರಿಗೆ ಗಾಳಿ, ನೀರು ಇಳಿಯಲ್ಲ. ಅದಕ್ಕೇ ಟೊಳ್ಳು ಕೊಳವೆಯಿಂದ ಬೆರಳು ಗಾತ್ರದ ಮಣ್ಣು ಕಿತ್ತು, ಆ ತೂತಿಗೆ ಮರಳು ತುಂಬುತ್ತಾರೆ. ಒಂದೆರಡು ವಾರ ನೋಡೋಕೆ ಚೆನ್ನಾಗಿರಲ್ಲ, ಆಡೋರು ಗೊಣಗುತ್ತಾರೆ, ಆಮೇಲೆ ಹುಲ್ಲು ಮುಚ್ಚಿಕೊಳ್ಳುತ್ತೆ. ಇದನ್ನೆಲ್ಲ ಓದುವಾಗ ಇನ್ನೊಂದು ವಿಷಯ ಸಿಕ್ಕಿ ನಗು ಬಂತು. ಬಿಸಿಲಿನ ಊರುಗಳ ಗಾಲ್ಫ್ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯ ಬಳಗದ್ದೇ. ಗಣೇಶನಿಗೆ ಏರಿಸೋ ಗರಿಕೆ. ನಮ್ಮಪ್ಪ ತೋಟದಲ್ಲಿ ಬೈದುಕೊಂಡು ಕೀಳೋ ಗರಿಕೆ. ಅದನ್ನೇ ಇವರು ಮೂರ್ನಾಲ್ಕು ಮಿಲಿಮೀಟರ್‌ಗೆ ಕತ್ತರಿಸಿ ಮಗುವಿನ ಹಾಗೆ ಸಾಕುತ್ತಾರೆ!

ಆ ವಾರವೇ ಅಪ್ಪನ ಫೋನ್ ಬಂತು. "ಕೆರೆ ಒಣಗೈತೆ. ನೀನು ಬಂದ್ರೆ ಗೋಡು ಹೊಡ್ಸೋದು, ಇಲ್ದಿದ್ರೆ ತೋಟ ಗುತ್ತಿಗೆಗೆ ಕೊಡೋದು. ನನ್ ಕೈಲಿ ಇನ್ನಾಗಲ್ಲ ಮಗಾ." ಹತ್ತು ದಿನ ರಜೆ ಹಾಕಿದೆ.

ತುಮಕೂರು ದಾಟಿ, ಗುಬ್ಬಿ ದಾಟಿ, ನಿಟ್ಟೂರು ಬರೋ ಹೊತ್ತಿಗೆ ಬಸ್ಸಿನ ಎರಡೂ ಕಡೆ ತೆಂಗು ಶುರು. ಕೆ.ಬಿ. ಕ್ರಾಸ್ ಅಂದರೆ ನಮ್ಮ ಸೀಮೆಯ ಬಾಗಿಲು. ನೇರ ಹೋದರೆ ತಿಪಟೂರು, ಬಲಕ್ಕೆ ಚಿಕ್ಕನಾಯಕನಹಳ್ಳಿ, ಎಡಕ್ಕೆ ತುರುವೇಕೆರೆ. ನಮ್ಮದು ಎಡಗಡೆ ದಾರಿ. ತುರುವೇಕೆರೆಯ ಹೊಯ್ಸಳ ದೇವಸ್ಥಾನ, ಕನ್ನಡಿಯಂತೆ ಹೊಳೆಯೋ ನಂದಿ ನೋಡಲು ಬರುವವರು ಒಂದು ಗಂಟೆ ಉಳಿಸಿಕೊಂಡು ಮಲ್ಲಾಘಟ್ಟದ ಕೆರೆ ಏರಿ ಮೇಲೆ ಸಂಜೆ ನಡೆಯಿರಿ. ನಮ್ಮ ಹಳ್ಳಿಯ ಕೆರೆ ಅಷ್ಟು ದೊಡ್ಡದಲ್ಲ. ನಾನು ಹೋದಾಗ ಅದರ ಅಂಗಳ ಬಿರುಕು ಬಿಟ್ಟು, ಹಂಚು ಜೋಡಿಸಿದ ಹಾಗೆ ಕಾಣುತ್ತಿತ್ತು.

ತೋಟ ಮೂರು ಎಕರೆ, 140 ಮರ. ಒಳಗೆ ಕಾಲಿಟ್ಟ ತಕ್ಷಣ ತಲೆ ಎತ್ತಿ ನೋಡಿದೆ. ಗೊನೆಗಳು ತೆಳ್ಳಗಿದ್ದವು. ಅಪ್ಪ ನನ್ನ ಮುಖ ನೋಡಿ, "ಇದು ಈ ವರ್ಷದ್ದಲ್ಲ ಕಣಪ್ಪ, ಕೊರೊನಾ ಟೈಮಿಂದು" ಅಂದರು.

ಮಾತಿಗೆ ಹೇಳಿದ್ದಲ್ಲ ಅದು. ತೆಂಗಿನ ಹೊಂಬಾಳೆ ನಮ್ಮ ಕಣ್ಣಿಗೆ ಬೀಳೋದಕ್ಕೆ ಎರಡೂವರೆ ವರ್ಷಕ್ಕೂ ಮುಂಚೆಯೇ ಸುಳಿಯೊಳಗೆ ಮೊಳೆತಿರುತ್ತೆ. ಅರಳಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಒಟ್ಟು ಸುಮಾರು 44 ತಿಂಗಳು. ಉಂಡೆ ಕೊಬ್ಬರಿ ಮಾಡೋದಾದರೆ ಅಟ್ಟದ ಮೇಲೆ ಮತ್ತೆ ಎಂಟು ಹತ್ತು ತಿಂಗಳು, ಒಳಗಿನ ಗಿಟುಕು ಗಡಗಡ ಅನ್ನೋ ತನಕ. 2021ರ ಬೇಸಿಗೆಯಲ್ಲಿ ಎರಡನೇ ಅಲೆ. ಅಪ್ಪ ಆಸ್ಪತ್ರೆಯಲ್ಲಿ, ನಾನು ಬೆಂಗಳೂರಿನ ರೂಮಿನಲ್ಲಿ. ಆ ವರ್ಷ, ಮರುವರ್ಷ ಬುಡ ಬಿಡಿಸಲಿಲ್ಲ, ಗೊಬ್ಬರ ಹಾಕಲಿಲ್ಲ. ಆಗ ಯಾವ ವ್ಯತ್ಯಾಸವೂ ಕಾಣಲಿಲ್ಲ, ಮರ ತುಂಬಾ ಕಾಯಿ ಇತ್ತು. ಈಗ ಕಾಣ್ತಿದೆ. ಜೊತೆಗೆ ಬಿಳಿ ನೊಣದ ಕಾಟ ಬೇರೆ.

ಹೊಟ್ಟೆ ಉರಿಯೋದು ಇಲ್ಲೇ ನೋಡಿ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 8,000 ರೂಪಾಯಿ ಆಸುಪಾಸಿಗೆ ಬಿದ್ದಿತ್ತು. 2025ಕ್ಕೆ ಕೇಂದ್ರ ಸರ್ಕಾರದ ಬೆಂಬಲ ಬೆಲೆಯೇ 12,100. ಮಾರುಕಟ್ಟೆಯಲ್ಲಿ ಆ ವರ್ಷದ ಮಧ್ಯದ ಹೊತ್ತಿಗೆ 25,000 ದಾಟಿತು. ಕಾಯಿ ಇದ್ದಾಗ ರೇಟಿಲ್ಲ, ರೇಟ್ ಇದ್ದಾಗ ಕಾಯಿಲ್ಲ. ಈ ಬೆಲೆ ನೋಡಿಯೇ ಎಳನೀರು ವ್ಯಾಪಾರಿಯೊಬ್ಬರು ಮರಕ್ಕಿಷ್ಟು ಅಂತ ಮೂರು ವರ್ಷಕ್ಕೆ ಗುತ್ತಿಗೆ ಕೇಳಿದ್ದರು. ಮೊತ್ತ ಕಮ್ಮಿಯೇನಲ್ಲ. ಗುತ್ತಿಗೆ ತಗೊಂಡೋರು ಗೋಡು ಹೊಡೆಸಲ್ಲ, ಅಷ್ಟೇ. ಯಾಕೆ ಹೊಡೆಸಬೇಕು? ಅದರ ಫಲ ಬರೋ ಹೊತ್ತಿಗೆ ಅವರ ಮೂರು ವರ್ಷ ಮುಗಿದಿರುತ್ತೆ.

ಮೊದಲ ಮೂರು ದಿನ ಬುಡ ಬಿಡಿಸೋದು. ಮರದ ಸುತ್ತ ಆರು ಅಡಿ ದೂರಕ್ಕೆ ಪಾತಿ, ಆಳ ಅರ್ಧ ಅಡಿ. ಅಪ್ಪನಿಗೆ ಟ್ರಾಕ್ಟರ್ ಹತ್ತಿರ ಬರಬಾರದು. ಉಣ್ಣೋ ಬೇರೆಲ್ಲ ಅಲ್ಲೇ ಇರೋದು, ರೋಟವೇಟರ್ ಬಿಟ್ಟರೆ ಬೇರು ಚಿಂದಿ ಅಂತ. ನಾನು ಸಲಿಕೆ ಹಿಡಿದು ಮೊದಲ ದಿನ ನಾಲ್ಕು ಮರ ಮುಗಿಸಿದೆ. ಪಕ್ಕದಲ್ಲಿ ಕೆಲಸಕ್ಕೆ ಬಂದಿದ್ದ ಅಕ್ಕ ನನ್ನ ಕೈ ನೋಡಿ, "ಲ್ಯಾಪ್‌ಟಾಪ್ ಕೈ ಕಣಣ್ಣ, ಬೊಬ್ಬೆ ಬರ್ತಾವೆ, ಹರಳೆಣ್ಣೆ ಹಚ್ಕಾ" ಅಂದರು. ಬಂದವು.

ಸುಳಿ ನೋಡೋಕೆ ಮರ ಹತ್ತೋರು ಬಂದಿದ್ದು ಐದನೇ ದಿನ. ಸುತ್ತ ಹತ್ತು ಹಳ್ಳಿಗೆ ಉಳಿದಿರೋದು ಮೂರೋ ನಾಲ್ಕೋ ಜನ, ಅವರ ಡೇಟ್ ಸಿಗೋದು ಡಾಕ್ಟರ ಅಪಾಯಿಂಟ್‌ಮೆಂಟ್‌ಗಿಂತ ಕಷ್ಟ. ಗರಿಗಳು ಕತ್ತರಿಯಲ್ಲಿ ತ್ರಿಕೋನ ಕತ್ತರಿಸಿದ ಹಾಗಿದ್ದರೆ ಕೊಂಬಿನ ದುಂಬಿ ಕೂತಿದೆ ಅಂತ ಲೆಕ್ಕ. ಕಬ್ಬಿಣದ ಕೊಕ್ಕೆ ಹಾಕಿ ಒಂದೊಂದನ್ನೇ ಎಳೆದು ಕೆಳಕ್ಕೆ ಎಸೆದರು. ಒಟ್ಟು 23 ಸಿಕ್ಕವು. ಆಮೇಲೆ ಸುಳಿಯ ಸಂದಿಗೆ ಬೇವಿನ ಹಿಂಡಿ, ಮರಳು ಬೆರೆಸಿ ತುಂಬಿದರು. ಸುಮ್ಮನೆ ಬಿಟ್ಟರೆ ದುಂಬಿ ಮಾಡಿದ ಗಾಯದೊಳಕ್ಕೆ ಕೆಂಪು ಮೂತಿ ಹುಳು ಸೇರುತ್ತೆ, ಅದು ಸೇರಿದರೆ ಮರದ ಆಸೆ ಬಿಟ್ಟ ಹಾಗೆ. ಈ ದುಂಬಿ ಹುಟ್ಟೋದೆಲ್ಲಿ ಗೊತ್ತಾ? ನಮ್ಮದೇ ತಿಪ್ಪೆಯಲ್ಲಿ. ಎರಡು ವರ್ಷದಿಂದ ಕದಲಿಸದ ತಿಪ್ಪೆ ಕೆದಕಿದಾಗ ಬಿಳಿ ಹುಳಗಳು ಹೆಬ್ಬೆರಳು ದಪ್ಪ ಇದ್ದವು. ಕೋಳಿಗಳಿಗೆ ಹಬ್ಬ. ಅದೇ ಗೊಬ್ಬರವನ್ನು ಮರಕ್ಕೆ 50 ಕೆಜಿ ಅಂದಾಜಿನಲ್ಲಿ ಪಾತಿಗೆ ಹಾಕಿದೆವು.

ಆಮೇಲೆ ಗೋಡು. ನಮ್ಮದು ಕೆಂಪು ಮಣ್ಣು, ನೀರು ಕುಡಿಯುತ್ತೆ, ಹಿಡಿದಿಟ್ಟುಕೊಳ್ಳಲ್ಲ. ಕೆರೆಯ ತಳದ ಕಪ್ಪು ಗೋಡು ಆ ಕೆಲಸ ಮಾಡುತ್ತೆ. ಅಮ್ಮನ ತವರು ಚಿಕ್ಕನಾಯಕನಹಳ್ಳಿ ಕಡೆ. 2016-17ರ ಬರದಲ್ಲಿ ಮಾವನ ತೋಟದಲ್ಲಿ ಸುಳಿ ಬಾಗಿ ನಿಂತ ಮರಗಳನ್ನು ನೋಡಿದ್ದೆ. ಅಲ್ಲೂ ಗೋಡು ಬಿದ್ದಿದ್ದ ಎರಡು ಸಾಲು ಬದುಕಿಕೊಂಡವು. ಜಾಸ್ತಿಯೂ ಆಗಬಾರದು. ದಪ್ಪ ಸುರಿದರೆ ಅಂಟಾಗಿ ಬೇರಿಗೆ ಉಸಿರು ಕಟ್ಟುತ್ತೆ. ಒಂದು ಟ್ರಾಕ್ಟರ್ ಲೋಡು ಎರಡು ಮರಕ್ಕೆ, ತೆಳ್ಳಗೆ ಹರಡಬೇಕು. ಕೆರೆಯಲ್ಲಿ ಜೆಸಿಬಿಯವರು ಒಂದೇ ಕಡೆ ಗುಂಡಿ ತೋಡದ ಹಾಗೆ ನೋಡಿಕೊಳ್ಳೋದು ನನ್ನ ಡ್ಯೂಟಿ. ಮಳೆಗಾಲದಲ್ಲಿ ಆ ಗುಂಡಿಗೆ ದನವೂ ಬೀಳುತ್ತೆ, ಮಕ್ಕಳೂ ಬೀಳ್ತಾರೆ.

ಕೆರೆ ಏರಿ ಮೇಲೆ ಕೂತು ಟೀ ಕುಡಿಯುತ್ತಾ ಅಪ್ಪನಿಗೆ ಗಾಲ್ಫ್ ಮೈದಾನದ ಕಥೆ ಹೇಳಿದೆ. ತೂತು, ಮರಳು, ಗರಿಕೆ ಎಲ್ಲ. ಗರಿಕೆ ವಿಷಯ ನಂಬಲಿಲ್ಲ. ಆ ಮೈದಾನ ಇರೋದೂ ಹಿಂದಿನ ಚಲ್ಲಘಟ್ಟ ಕೆರೆಯ ಅಂಗಳದಲ್ಲೇ ಅಂದೆ. ಅಪ್ಪ ಲೋಟ ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಹಂಗಾರೆ ಅಲ್ಲಿ ಗೋಡು ಯಾರು ಹೊಡ್ಕಂಡೋದ್ರು?"

ಎಂಟನೇ ದಿನ ವ್ಯಾಪಾರಿ ಬೈಕಿನಲ್ಲಿ ಬಂದರು. ಅಪ್ಪ ನನ್ನ ಕಡೆ ನೋಡಿದರು. ನಾನು ನಮ್ಮ ಕೈ, ಮೊಣಕಾಲು, ರಜೆ ಎಲ್ಲ ಲೆಕ್ಕ ಹಾಕುತ್ತಾ ನಿಂತಿದ್ದೆ. ಪ್ರತಿ ಬೇಸಿಗೆ ಬರ್ತೀನಿ ಅಂತ ಮಾತು ಕೊಡೋಕೆ ಧೈರ್ಯ ಬರಲಿಲ್ಲ. "ಈ ವರ್ಷ ಬೇಡ, ಗೋಡು ಹೊಡ್ಸಿದೀವಿ" ಅಂತಷ್ಟೇ ಹೇಳಿದೆ. "ಹೊಡ್ಸಿರೋ ತೋಟಕ್ಕೆ ಇನ್ನೂ ಜಾಸ್ತಿ ಕೊಡ್ತೀನಿ, ಯೋಚ್ನೆ ಮಾಡಿ" ಅಂತ ಅವರು ನಗುತ್ತಾ ಹೋದರು. ಒಳ್ಳೆ ಮನುಷ್ಯರೇ, ಬೇಜಾರಿಲ್ಲ.

ಅವತ್ತು ರಾತ್ರಿಯೇ ಭರಣಿ ಮಳೆ ಬಂತು. ಅಂಗಳದಲ್ಲಿ ನಿಂತು ಎಲ್ಲರೂ ಖುಷಿಪಟ್ಟೆವು. ಬೆಳಿಗ್ಗೆ ನೋಡಿದರೆ ಕೆರೆ ಅಂಗಳ ಕೆಸರು, ಟ್ರಾಕ್ಟರ್ ಇಳಿಯೋ ಹಾಗಿಲ್ಲ. 106 ಮರಕ್ಕೆ ಆಗಿತ್ತು, 34 ಉಳಿದವು. ಗೋಡು ಬಿದ್ದ ಕಡೆ ಹದ ನೋಡಿ ಸೆಣಬಿನ ಬೀಜ ಎರಚಿದೆವು. ಹೂ ಬರೋ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಬೇಕು. ಅದಕ್ಕೆ ಒಂದು ವೀಕೆಂಡ್ ಸಾಕು, ಕ್ಯಾಲೆಂಡರ್‌ನಲ್ಲಿ ಹಾಕಿಕೊಂಡೆ.

ಬಸ್ಸಿಗೆ ಹೊರಡೋ ಮುಂಚೆ ತೋಟಕ್ಕೆ ಹೋದೆ. ಅಪ್ಪ ಸುಣ್ಣದ ಡಬ್ಬಿ, ತೆಂಗಿನ ನಾರಿನ ಬ್ರಷ್ಷು ಹಿಡಿದು ಉಳಿದ 34 ಮರಕ್ಕೂ ಒಂದೊಂದು ಗೆರೆ ಎಳೀತಿದ್ದರು. "ಬರೋ ವರ್ಷ ಎಲ್ಲಿಂದ ಶುರು ಮಾಡ್ಬೇಕು ಅಂತ ನಿನಗೆ ಗೊತ್ತಾಗ್ಬೇಕಲ್ಲ" ಅಂದರು.